ಹಡಗಿನ ದುಡ್ಡಿನಲ್ಲಿ ಎದ್ದ ಚರ್ಚು: ಬ್ರಿಸ್ಟಲಿನ ಸೇಂಟ್ ಮೇರಿ ರೆಡ್‌ಕ್ಲಿಫ್

ಬ್ರಿಸ್ಟಲಿನ ಟೆಂಪಲ್ ಮೀಡ್ಸ್ ರೈಲು ನಿಲ್ದಾಣದಿಂದ ಹೊರಬಂದು ಹತ್ತು ನಿಮಿಷ ನಡೆದರೆ, ಆಫೀಸು ಕಟ್ಟಡಗಳ ನಡುವಿನಿಂದ ಕಲ್ಲಿನ ಶಿಖರವೊಂದು ಮೇಲೇಳುತ್ತದೆ. 80 ಮೀಟರಿಗೂ ಹೆಚ್ಚು ಎತ್ತರ. ಮೊದಲ ಸಲ ಬಂದವರಲ್ಲಿ ಬಹಳ ಮಂದಿ ಇದೇ ಊರಿನ ಕ್ಯಾಥೆಡ್ರಲ್ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬ್ರಿಸ್ಟಲ್ ಕ್ಯಾಥೆಡ್ರಲ್ ಇರುವುದು ಬಂದರಿನ ಆಚೆ ಬದಿಗೆ, ಕಾಲೇಜ್ ಗ್ರೀನ್ ಎಂಬ ಹುಲ್ಲುಹಾಸಿನ ಪಕ್ಕದಲ್ಲಿ. ಇದು ಸೇಂಟ್ ಮೇರಿ ರೆಡ್‌ಕ್ಲಿಫ್. ಒಂದು ಕೇರಿಯ ಜನ ಪ್ರಾರ್ಥನೆಗೆ ಬರುವ ಪ್ಯಾರಿಷ್ ಚರ್ಚು, ಅಷ್ಟೇ.

ಹಾಗಾದರೆ ಒಂದು ಕೇರಿಯ ಚರ್ಚು ಇಷ್ಟು ದೊಡ್ಡದಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಬ್ರಿಸ್ಟಲ್ ಎಂಬ ಊರಿನ ಎಂಟು ನೂರು ವರ್ಷದ ಕತೆ ಬಿಚ್ಚಿಕೊಳ್ಳುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಚರ್ಚಿನ ಗಾತ್ರಕ್ಕೂ ಕ್ಯಾಥೆಡ್ರಲ್ ಎಂಬ ಹೆಸರಿಗೂ ಸಂಬಂಧವಿಲ್ಲ. ಬಿಷಪ್ಪರ ಪೀಠ ಎಲ್ಲಿದೆಯೋ ಅದು ಕ್ಯಾಥೆಡ್ರಲ್. ಆ ಪದದ ಮೂಲ ಅರ್ಥವೇ ಕುರ್ಚಿ. ಬ್ರಿಸ್ಟಲಿನಲ್ಲಿ ಬಹಳ ಕಾಲ ಬಿಷಪ್ಪರೇ ಇರಲಿಲ್ಲ. ಎಂಟನೆಯ ಹೆನ್ರಿ ದೊರೆ 1534ರಲ್ಲಿ ಪೋಪರ ಅಧಿಕಾರವನ್ನು ಕಿತ್ತುಹಾಕಿ ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ. ನಾವು ಆಂಗ್ಲಿಕನ್ ಎನ್ನುವ ಪಂಥ ಬೇರೆಯಾದದ್ದು ಆಗಲೇ. ಆಮೇಲೆ ಮಠಗಳನ್ನೆಲ್ಲ ಮುಚ್ಚಿಸಿದ. 1140ರಲ್ಲಿ ಶುರುವಾಗಿದ್ದ ಬ್ರಿಸ್ಟಲಿನ ಸೇಂಟ್ ಆಗಸ್ಟಿನ್ ಮಠವೂ ಹಾಗೆ ಮುಚ್ಚಿತು. ಅದರ ಚರ್ಚು 1542ರಲ್ಲಿ ಹೊಸ ಬಿಷಪ್ಪರ ಕ್ಯಾಥೆಡ್ರಲ್ ಆಯಿತು. ರೆಡ್‌ಕ್ಲಿಫ್ ಚರ್ಚಿನ ಮುಖ್ಯ ಕೆಲಸವೆಲ್ಲ ಅಷ್ಟರೊಳಗೆ ಮುಗಿದಿತ್ತು. ನಮ್ಮ ಬೆಂಗಳೂರಿನ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಕೂಡ ಇದೇ ಆಂಗ್ಲಿಕನ್ ಪಂಥದಲ್ಲಿ ಹುಟ್ಟಿದ್ದು. 1947ರಲ್ಲಿ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಪಂಥಗಳು ಕೂಡಿ ಸಿಎಸ್‌ಐ ಆದಾಗ ಅದರೊಳಗೆ ಸೇರಿತು. ಹಾಗಾಗಿ ಆ ಚರ್ಚಿಗೆ ಹೋಗಿ ಬಂದವರಿಗೆ ರೆಡ್‌ಕ್ಲಿಫ್ ಒಳಗಿನ ಬೆಂಚುಗಳ ಸಾಲು, ಪಲ್ಪಿಟ್ಟು, ಆರ್ಗನ್ನು ಯಾವುದೂ ಅಪರಿಚಿತ ಅನ್ನಿಸುವುದಿಲ್ಲ.

ಈಗ ಜಾಗಕ್ಕೆ ಬರೋಣ. ರೆಡ್‌ಕ್ಲಿಫ್ ಎಂದರೆ ಕೆಂಪು ಬಂಡೆ. ಏವನ್ ನದಿಯ ದಂಡೆಗೆ ಕೆಂಪು ಮರಳುಗಲ್ಲಿನ ಗೋಡೆಯೊಂದು ಇಲ್ಲಿ ಕಡಿದಾಗಿ ಇಳಿಯುತ್ತದೆ. ಅದರ ನೆತ್ತಿಯ ಮೇಲೆ ಚರ್ಚು, ಅಡಿಯಲ್ಲಿ ಹಡಗುಗಳು ಲಂಗರು ಹಾಕುತ್ತಿದ್ದ ಕಟ್ಟೆ. ಹಡಗು ಹತ್ತುವ ಮುಂಚೆ ಕೊನೆಯ ಪ್ರಾರ್ಥನೆ ಇಲ್ಲಿ, ಜೀವ ಉಳಿಸಿಕೊಂಡು ಬಂದವರ ಮೊದಲ ಕೃತಜ್ಞತೆಯೂ ಇಲ್ಲಿ. ಉತ್ತರದ ಕಡೆ ಹದಿನಾಲ್ಕನೆಯ ಶತಮಾನದ ಆರು ಮೂಲೆಯ ಮುಖಮಂಟಪವಿದೆ. ಅದರೊಳಗೆ ಮೇರಿ ಮಾತೆಯ ಸನ್ನಿಧಿಯಿತ್ತು. ನಾವಿಕರೂ ಯಾತ್ರಿಕರೂ ಕಾಣಿಕೆ ಹಾಕುತ್ತಿದ್ದದ್ದು ಅಲ್ಲೇ. ಆ ಮಂಟಪದ ಬಾಗಿಲ ಸುತ್ತಿನ ಕೆತ್ತನೆಯನ್ನು ನಿಂತು ನೋಡಬೇಕು. ಎಲೆಯೊಳಗೆ ಎಲೆ ಹೆಣೆದು, ಬಾಗಿಲಿನ ಕಮಾನು ಇಂಗ್ಲೆಂಡಿನದಲ್ಲವೇನೋ ಅನ್ನುವಷ್ಟು ಬಳಕುತ್ತದೆ. ಪೂರ್ವದೇಶಗಳ ಕಟ್ಟಡಗಳ ನೆರಳು ಇದರಲ್ಲಿದೆ ಎಂದು ವಾದಿಸಿದವರಿದ್ದಾರೆ. ಇಡೀ ಚರ್ಚಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಬಾಗಿಲೇ.

ಮಧ್ಯಕಾಲದ ಬ್ರಿಸ್ಟಲ್ ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಒಂದು. ಇಲ್ಲಿಂದ ಉಣ್ಣೆಬಟ್ಟೆ ಹೋಗುತ್ತಿತ್ತು. ಫ್ರಾನ್ಸಿನ ಬೋರ್ಡೋ ಕಡೆಯಿಂದ ದ್ರಾಕ್ಷಾರಸ ಬರುತ್ತಿತ್ತು. ಲಾಭ ವರ್ತಕರ ಕೈಸೇರುತ್ತಿತ್ತು. ಆ ವರ್ತಕರಲ್ಲಿ ದೊಡ್ಡವನು ವಿಲಿಯಂ ಕ್ಯಾನಿಂಗ್ಸ್. ಐದು ಸಲ ಮೇಯರ್ ಆದವನು, ಪಾರ್ಲಿಮೆಂಟಿನ ಸದಸ್ಯ. ಅವನ ಹಡಗುಗಳಲ್ಲಿ 800 ಆಳುಗಳು ದುಡಿಯುತ್ತಿದ್ದರೆಂದು ಅವನ ಕಾಲದವನೇ ಒಬ್ಬ ಬರೆದಿಟ್ಟಿದ್ದಾನೆ.

ಇಂಥವರು ಚರ್ಚಿಗೆ ದುಡ್ಡು ಸುರಿದದ್ದು ಬರೀ ಹೆಸರಿಗಾಗಿ ಅಂದುಕೊಂಡರೆ ಅರ್ಧ ಕತೆ ತಪ್ಪಿಹೋಗುತ್ತದೆ. ಸತ್ತ ಮೇಲೆ ಆತ್ಮ ನೇರವಾಗಿ ಸ್ವರ್ಗಕ್ಕೆ ಹೋಗುವುದಿಲ್ಲ, ಪಾಪಗಳೆಲ್ಲ ಸುಟ್ಟುಹೋಗುವ ತನಕ ನಡುವಿನ ಒಂದು ಲೋಕದಲ್ಲಿ ಬೇಯಬೇಕು ಎಂದು ಆ ಕಾಲದ ಕ್ರೈಸ್ತರು ನಂಬಿದ್ದರು. ಬದುಕಿರುವವರು ಪ್ರಾರ್ಥಿಸಿದರೆ ಆ ಅವಧಿ ಕಡಿಮೆಯಾಗುತ್ತದೆ. ಆದ್ದರಿಂದ ಅನುಕೂಲಸ್ಥರು ದತ್ತಿ ಬಿಟ್ಟು ಪಾದ್ರಿಗಳನ್ನು ನೇಮಿಸುತ್ತಿದ್ದರು. ಆ ಪಾದ್ರಿಗಳ ಕೆಲಸ ದಾನಿಯ ಆತ್ಮಕ್ಕಾಗಿ ದಿನದಿನವೂ ಪೂಜೆ ಮಾಡುವುದು. ಕ್ಯಾನಿಂಗ್ಸ್ ಕೂಡ ಹೀಗೆ ದತ್ತಿ ಬಿಟ್ಟವನೇ. ಗೋಡೆ ಎತ್ತರಿಸುವುದು, ಕಿಟಕಿ ಕೂರಿಸುವುದು, ಚಾವಣಿ ಕಟ್ಟುವುದು ಎಲ್ಲವೂ ಪರಲೋಕದ ಖಾತೆಗೆ ಜಮೆಯಾಗುವ ಪುಣ್ಯ. ಸಮುದ್ರದ ಮೇಲೆ ಇವತ್ತು ಇದ್ದವನು ನಾಳೆ ಇಲ್ಲ. ಅಂಥ ಕಸುಬಿನವರಿಗೆ ಈ ಲೆಕ್ಕ ನಮಗೆ ಅನ್ನಿಸುವುದಕ್ಕಿಂತ ಬಹಳ ಹತ್ತಿರದ್ದಾಗಿತ್ತು.

ಕ್ಯಾನಿಂಗ್ಸನ ಹೆಂಡತಿ ಜೋನ್ 1467ರಲ್ಲಿ ತೀರಿಕೊಂಡಳು. ಮರುವರ್ಷ ಆತ ವ್ಯಾಪಾರ ಬಿಟ್ಟು ಪಾದ್ರಿಯಾದ, ಇದೇ ಚರ್ಚಿನಲ್ಲಿ ಪೆಂಟೆಕಾಸ್ಟ್ ಹಬ್ಬಕ್ಕೆ ತನ್ನ ಮೊದಲ ಪೂಜೆ ನಡೆಸಿದ. ಅದರ ನೆನಪಿಗೆ ಇಂದಿಗೂ ಆ ಭಾನುವಾರ ಚರ್ಚಿನ ನೆಲದ ಮೇಲೆ ಜೊಂಡುಹುಲ್ಲು ಹರಡುತ್ತಾರೆ. ನಗರದ ಲಾರ್ಡ್ ಮೇಯರ್ ಬರುತ್ತಾರೆ. ಒಬ್ಬನೇ ಮನುಷ್ಯನಿಗೆ ಇಲ್ಲಿ ಎರಡು ಮಲಗಿದ ಪ್ರತಿಮೆಗಳಿವೆ. ಒಂದರಲ್ಲಿ ಹೆಂಡತಿಯ ಪಕ್ಕ ಮಲಗಿದ ವರ್ತಕ, ಇನ್ನೊಂದರಲ್ಲಿ ಒಂಟಿ ಪಾದ್ರಿ. ಹತ್ತಿರದಲ್ಲೇ ನೆಲದ ಚಪ್ಪಡಿಯೊಂದರಲ್ಲಿ ಚಾಕು ಮತ್ತು ಸೋಸುವ ಜಾಲರಿ ಕೆತ್ತಿದೆ. ಅದು ಕ್ಯಾನಿಂಗ್ಸನ ಅಡುಗೆಯವನ ಸಮಾಧಿ ಅನ್ನುತ್ತಾರೆ. ಯಜಮಾನನ ಬಣ್ಣದ ಪ್ರತಿಮೆಗಿಂತ ಹೆಚ್ಚು ಹೊತ್ತು ನಾನು ಆ ಜಾಲರಿಯನ್ನೇ ನೋಡುತ್ತಾ ನಿಂತಿದ್ದೆ.

ದುಡ್ಡೇನೋ ಬಂತು. ಅದರಿಂದ ಆದದ್ದೇನು? ತಲೆ ಎತ್ತಿದರೆ ಕಾಣುತ್ತದೆ. ಇಂಗ್ಲೆಂಡಿನ ಬಹುಪಾಲು ಪ್ಯಾರಿಷ್ ಚರ್ಚುಗಳಿಗೆ ಮರದ ಚಾವಣಿ. ಇಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕಲ್ಲಿನದು. ಕಲ್ಲಿನ ಚಾವಣಿಯ ತೊಂದರೆ ಅದರ ತೂಕವೊಂದೇ ಅಲ್ಲ, ಆ ತೂಕ ಪಕ್ಕಕ್ಕೆ ಒದೆಯುತ್ತದೆ. ಎರಡು ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ ನೋಡಿ. ಬುಡಗಳು ಹೊರಗೆ ಜಾರಲು ಹವಣಿಸುತ್ತವೆ. ಕಮಾನೂ ಹಾಗೆಯೇ. ಹಳೆಯ ಅರ್ಧವೃತ್ತದ ಕಮಾನು ಗೋಡೆಯನ್ನು ಜೋರಾಗಿ ಹೊರಕ್ಕೆ ತಳ್ಳುತ್ತಿತ್ತು. ಅದಕ್ಕೇ ಗೋಡೆ ದಪ್ಪ, ಕಿಟಕಿ ಸಣ್ಣದು, ಒಳಗೆ ಕತ್ತಲು. ಆಮೇಲೆ ಬಂದ ಗೋಥಿಕ್ ಎಂಬ ಶೈಲಿಯ ಕುಶಲಿಗರು ಕಮಾನಿನ ತುದಿಯನ್ನು ಚೂಪು ಮಾಡಿದರು. ಆಗ ಹೆಚ್ಚಿನ ಭಾರ ಕೆಳಕ್ಕೆ ಇಳಿಯುತ್ತದೆ, ಪಕ್ಕದ ಒತ್ತಡ ತಗ್ಗುತ್ತದೆ. ಚಾವಣಿಯುದ್ದಕ್ಕೂ ಕಲ್ಲಿನ ಪಕ್ಕೆಲುಬುಗಳನ್ನು ಹಾಯಿಸಿ, ಭಾರವನ್ನು ಆಯ್ದ ಕಂಬಗಳ ಮೇಲೆ ತಂದು ಇಳಿಸಿದರು. ಆಮೇಲೂ ಉಳಿದ ಒದೆತವನ್ನು ತಡೆಯಲು ಹೊರಗಿನಿಂದ ಗೋಡೆಗೆ ಕೈಕೊಟ್ಟಂತೆ ಓರೆಯಾದ ಆನಿಕೆ ಕಮಾನುಗಳನ್ನು ಕಟ್ಟಿದರು. ಇಷ್ಟಾದ ಮೇಲೆ ಗೋಡೆಗೆ ಭಾರ ಹೊರುವ ಕೆಲಸವೇ ಹೆಚ್ಚು ಇರುವುದಿಲ್ಲ. ಕಂಬ ಕಂಬದ ನಡುವಿನ ಜಾಗವನ್ನೆಲ್ಲ ಗಾಜಿಗೆ ಬಿಟ್ಟುಕೊಡಬಹುದು. ರೆಡ್‌ಕ್ಲಿಫ್ ಒಳಗೆ ಕಾಲಿಟ್ಟಾಗ ಹಗುರ ಅನ್ನಿಸುವುದಕ್ಕೆ, ಬೆಳಕು ಮೇಲಿನಿಂದ ಸುರಿಯುವುದಕ್ಕೆ ಇದೇ ಕಾರಣ.

ಆ ಪಕ್ಕೆಲುಬುಗಳು ಒಂದನ್ನೊಂದು ಕೂಡುವ ಕಡೆ ಸಂದಿ ಮುಚ್ಚಲು ಕೆತ್ತಿದ ಗುಬುಟುಗಳಿವೆ. ಸಾವಿರಕ್ಕೂ ಹೆಚ್ಚು, ಬಹುಪಾಲಿಗೆ ಚಿನ್ನದ ಲೇಪ. ಎಲೆ, ಹೂವು, ಮುಖ, ಒಂದು ಕಡೆ ಪುಟಾಣಿ ಚಕ್ರವ್ಯೂಹ. ಕುತ್ತಿಗೆ ನೋಯುವಷ್ಟು ನೋಡಿದರೂ ಮುಗಿಯದು.

ಶಿಖರದ ಕತೆ ಬೇರೆ. 1446ರಲ್ಲಿ ಸಿಡಿಲು ಬಡಿದು ಅದರ ಮೇಲಿನ ಭಾಗ ಉರುಳಿಬಿತ್ತು. ಕಲ್ಲಿನ ಕಟ್ಟಡವನ್ನು ಸಿಡಿಲು ಒಡೆಯುವುದು ಹೀಗೆ: ಕಲ್ಲಿನ ಸಂದುಗಳಲ್ಲಿ, ಗಾರೆಯಲ್ಲಿ ಯಾವಾಗಲೂ ತೇವ ಇರುತ್ತದೆ. ಸಿಡಿಲಿನ ವಿದ್ಯುತ್ತು ಹಾದುಹೋಗುವಾಗ ಆ ನೀರು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗಿ ಹಿಗ್ಗುತ್ತದೆ, ಕಲ್ಲು ಒಳಗಿನಿಂದಲೇ ಸಿಡಿಯುತ್ತದೆ. ವಿದ್ಯುತ್ತನ್ನು ಸುಮ್ಮನೆ ನೆಲಕ್ಕಿಳಿಸುವ ಲೋಹದ ಸರಳು ಬರಲು ಇನ್ನೂ ಮುನ್ನೂರು ವರ್ಷವಿತ್ತು. ವರ್ತಕರು ಒಡೆದ ಒಳಭಾಗವನ್ನು ಸರಿಪಡಿಸಿದರು, ಶಿಖರವನ್ನು ಮಾತ್ರ ಮೊಂಡಾಗಿಯೇ ಬಿಟ್ಟರು. ಅದು ಮತ್ತೆ ಪೂರ್ತಿಯಾದದ್ದು 1872ರಲ್ಲಿ, ನಾನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಆದ ಮೇಲೆ. ಒಂದನೆಯ ಎಲಿಜಬೆತ್ ರಾಣಿ 1574ರಲ್ಲಿ ಬ್ರಿಸ್ಟಲಿಗೆ ಬಂದಾಗ ಇಡೀ ಇಂಗ್ಲೆಂಡಿನಲ್ಲೇ ಇದರಷ್ಟು ಚೆಂದದ, ಹೆಸರಾದ ಪ್ಯಾರಿಷ್ ಚರ್ಚು ಇಲ್ಲ ಅಂದಳೆಂಬ ಮಾತು ಊರಲ್ಲಿ ಬಹಳ ಹಳೆಯದು. ಅಂದದ್ದೇ ಆಗಿದ್ದರೆ, ತುದಿ ಮುರಿದ ಚರ್ಚನ್ನು ನೋಡಿ ಅಂದದ್ದು.

1497ರಲ್ಲಿ ಜಾನ್ ಕ್ಯಾಬಟ್ ಮ್ಯಾಥ್ಯೂ ಎಂಬ ಪುಟ್ಟ ಹಡಗಿನಲ್ಲಿ ಉತ್ತರ ಅಮೆರಿಕದ ಕರಾವಳಿ ಕಂಡು ಬಂದದ್ದೂ ಈ ಬಂದರಿನಿಂದಲೇ. ಚರ್ಚಿನೊಳಗೆ ತಿಮಿಂಗಿಲದ ಪಕ್ಕೆಲುಬೊಂದನ್ನು ಇಟ್ಟಿದ್ದಾರೆ. ಅವನು ತಂದದ್ದೆಂದು ಪ್ರತೀತಿ. ಇನ್ನೊಂದು ಗೋಡೆಯ ಮೇಲೆ ಅಡ್ಮಿರಲ್ ವಿಲಿಯಂ ಪೆನ್ನನ ಕವಚ ತೂಗುತ್ತದೆ. ಅವನ ಮಗನ ಕಾಲದಲ್ಲಿ ಪೆನ್ಸಿಲ್ವೇನಿಯ ಹುಟ್ಟಿತು. ಆ ಹೆಸರಿನ ಪೆನ್ ಈ ಮನೆತನದ್ದೇ.

ಉತ್ತರದ ಮುಖಮಂಟಪದ ಮೇಲೆ ಒಂದು ಕೋಣೆಯಿದೆ. ಅದರಲ್ಲಿ ಹಳೆಯ ದಾಖಲೆಗಳ ಪೆಟ್ಟಿಗೆಗಳಿದ್ದವು. ಹದಿನೆಂಟನೆಯ ಶತಮಾನದಲ್ಲಿ ಆ ಪೆಟ್ಟಿಗೆಗಳ ಬಗ್ಗೆ ಯಾರಿಗೂ ಕಾಳಜಿ ಇರಲಿಲ್ಲ. ಅಲ್ಲಿನ ತೊಗಲಿನ ಹಾಳೆಗಳನ್ನು ಪಕ್ಕದ ಶಾಲೆಯ ಮೇಷ್ಟ್ರೊಬ್ಬರು ಮನೆಗೆ ತಂದು ಹುಡುಗರ ಪುಸ್ತಕಗಳಿಗೆ ರಟ್ಟು ಹಾಕಿದರು. ಅವರು ಸತ್ತ ಮೇಲೆ, 1752ರಲ್ಲಿ ಹುಟ್ಟಿದ ಮಗ ಥಾಮಸ್ ಚಾಟರ್ಟನ್. ಮನೆಯಲ್ಲಿ ಬಿದ್ದಿದ್ದ ಆ ಹಾಳೆಗಳ ಅಕ್ಷರಗಳ ಮೇಲೆ ಹುಡುಗನಿಗೆ ಹುಚ್ಚು ಪ್ರೀತಿ ಹುಟ್ಟಿತು. ಹದಿಹರೆಯದಲ್ಲೇ ಹಳೆಯ ಕಾಲದ ಇಂಗ್ಲಿಷನ್ನು ತಾನೇ ಕಟ್ಟಿಕೊಂಡು ಪದ್ಯ ಬರೆದ. ಅವು ತನ್ನವಲ್ಲ, ಹದಿನೈದನೆಯ ಶತಮಾನದ ರೌಲಿ ಎಂಬ ಪಾದ್ರಿಯವು, ಆ ಪೆಟ್ಟಿಗೆಯಲ್ಲಿ ಸಿಕ್ಕವು ಅಂದ. ರೌಲಿ ಎಂಬವನೊಬ್ಬ ಇರಲೇ ಇಲ್ಲ. ಹುಡುಗ ಅವನನ್ನು ಸೃಷ್ಟಿಸಿ ಕ್ಯಾನಿಂಗ್ಸನ ಗೆಳೆಯನನ್ನಾಗಿ ಮಾಡಿದ್ದ. ಹೆಸರು ಮಾಡಲು ಲಂಡನ್ನಿಗೆ ಹೋಗಿ, ಬಡತನದಲ್ಲಿ, 1770ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವನಿಗೆ ಹದಿನೇಳು. ಬರೆದವನು ಅವನೇ ಎಂದು ಜನಕ್ಕೆ ಖಾತ್ರಿಯಾದ ಮೇಲೆ, ಆ ಸುಳ್ಳಿನೊಳಗಿನ ಕವಿತ್ವ ಎಂಥದ್ದು ಎಂಬುದು ಮುಂದಿನ ತಲೆಮಾರಿನ ಕವಿಗಳಿಗೆ ಹೊಳೆಯಿತು. ಅವನ ಮೇಲೆ ಶೋಕಗೀತೆ ಬರೆದ ಕೋಲ್ರಿಜ್ 1795ರಲ್ಲಿ ಮದುವೆಯಾದದ್ದು ಇದೇ ರೆಡ್‌ಕ್ಲಿಫ್ ಚರ್ಚಿನಲ್ಲಿ. ಮರು ತಿಂಗಳು ಇಲ್ಲೇ ಆ ಹೆಣ್ಣಿನ ತಂಗಿಯನ್ನು ಮದುವೆಯಾದವನು ಕವಿ ಸದಿ. ಚಾಟರ್ಟನ್ ಹುಟ್ಟಿದ ಮನೆ ಚರ್ಚಿನಿಂದ ಕೂಗಳತೆಯಲ್ಲಿ, ವಾಹನಗಳು ಭರ್ರೆನ್ನುವ ರಸ್ತೆಯ ಪಕ್ಕ ಈಗಲೂ ನಿಂತಿದೆ.

ಈಗ ಕಷ್ಟದ ಮಾತಿಗೆ ಬರಬೇಕು. ಉಣ್ಣೆ, ದ್ರಾಕ್ಷಾರಸದ ದುಡ್ಡಿನ ಮೇಲೆ ಇನ್ನೊಂದು ದುಡ್ಡು ಬಂದು ಬಿದ್ದದ್ದು ಹದಿನೇಳನೆಯ ಶತಮಾನದ ಕೊನೆಯಿಂದ. 1807ರಲ್ಲಿ ಕಾನೂನು ತಡೆಯುವವರೆಗೆ ಬ್ರಿಸ್ಟಲಿನಿಂದ 2,000ಕ್ಕೂ ಹೆಚ್ಚು ಸಲ ಹಡಗುಗಳು ಆಫ್ರಿಕದ ಜನರನ್ನು ಹಿಡಿದು ಮಾರಲು ಹೊರಟವು. ಆ ಹಡಗುಗಳ ಹೊಟ್ಟೆಯೊಳಗೆ ಸಾಗಿಸಿದವರು ಸುಮಾರು ಐದು ಲಕ್ಷ ಮಂದಿ. ಈ ವ್ಯಾಪಾರ ನಿಲ್ಲಿಸುವ ಮಸೂದೆ 1791ರಲ್ಲಿ ಪಾರ್ಲಿಮೆಂಟಿನಲ್ಲಿ ಬಿದ್ದುಹೋದಾಗ ಬ್ರಿಸ್ಟಲಿನಲ್ಲಿ ಚರ್ಚಿನ ಗಂಟೆ ಬಾರಿಸಿ ಸಂಭ್ರಮಪಟ್ಟರು. ಎಡ್ವರ್ಡ್ ಕೋಲ್ಸ್ಟನ್ ಎಂಬ ವರ್ತಕ ಪಾಲು ಹೊಂದಿದ್ದ ರಾಯಲ್ ಆಫ್ರಿಕನ್ ಕಂಪನಿ, ಅವನಿದ್ದ ವರ್ಷಗಳಲ್ಲೇ 84,000ದಷ್ಟು ಜನರನ್ನು ಸಾಗಿಸಿತು. 19,000ದಷ್ಟು ಮಂದಿ ದಾರಿಯಲ್ಲೇ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. ಅವನು ಊರಿಗೆ ಶಾಲೆ, ಛತ್ರ ಕಟ್ಟಿಸಿಕೊಟ್ಟ. ಊರು ಅವನನ್ನು ಪುಣ್ಯಾತ್ಮ ಎಂದು ನೆನೆಯಿತು. ರೆಡ್‌ಕ್ಲಿಫ್ ಚರ್ಚಿನ ಕಿಟಕಿಯೊಂದನ್ನು ವಿಕ್ಟೋರಿಯಾ ಕಾಲದವರು ಅವನ ಹೆಸರಿಗೆ ಅರ್ಪಿಸಿದ್ದರು.

2020ರ ಜೂನ್ 7ರಂದು ಪ್ರತಿಭಟನಕಾರರು ನಗರದ ನಡುವಿದ್ದ ಕೋಲ್ಸ್ಟನ್ನನ ಕಂಚಿನ ಪ್ರತಿಮೆಯನ್ನು ಹಗ್ಗ ಕಟ್ಟಿ ಉರುಳಿಸಿ, ಎಳೆದುಕೊಂಡು ಹೋಗಿ ಬಂದರಿನ ನೀರಿಗೆ ಹಾಕಿದರು. ಅದಾದ ಕೆಲವೇ ದಿನಗಳಲ್ಲಿ ಚರ್ಚು ತನ್ನ ಕಿಟಕಿಯಿಂದ ಅವನಿಗೆ ಅರ್ಪಿಸಿದ್ದ ಗಾಜುಗಳನ್ನು ತೆಗೆಸಿತು. ಆ ಜಾಗಕ್ಕೆ ಆಮೇಲೆ ಹೊಸ ಚಿತ್ರಗಳು ಬಂದವು. ಅವುಗಳಲ್ಲಿ ಗುಲಾಮರ ಹಡಗಿದೆ, ನಿರಾಶ್ರಿತರ ದೋಣಿಯಿದೆ, 1963ರ ಬಸ್ ಬಹಿಷ್ಕಾರವೂ ಇದೆ.

ಆ ಬಹಿಷ್ಕಾರದ ಬಗ್ಗೆ ಭಾರತೀಯರಾದ ನಾವು ತಿಳಿದಿರಬೇಕು. ಆಗ ಬ್ರಿಸ್ಟಲಿನ ಬಸ್ಸುಗಳಲ್ಲಿ ಕರಿಯರನ್ನೂ ಏಷ್ಯದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್ ಮತ್ತಿತರರ ಮುಂದಾಳುತನದಲ್ಲಿ ಜನ ಬಸ್ ಹತ್ತುವುದನ್ನೇ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ, ಆಗಸ್ಟ್ 28ರಂದು ನಿರ್ಬಂಧ ಹೋಯಿತು. ಸೆಪ್ಟೆಂಬರ್ 17ರಂದು ಕೆಲಸಕ್ಕೆ ಸೇರಿದ ಊರಿನ ಮೊದಲ ಬಿಳಿಯನಲ್ಲದ ಕಂಡಕ್ಟರ್ ಒಬ್ಬ ಸಿಖ್ಖರು, ರಘುಬೀರ್ ಸಿಂಗ್. ಕ್ಯಾನಿಂಗ್ಸನ ಕಾಲದ ಕಂಬಗಳ ನಡುವೆ ಒಂದು ಸಿಟಿ ಬಸ್ಸಿನ ಜಗಳ ಬಣ್ಣದ ಗಾಜಾಗಿ ಕೂತಿರುವುದು ನನಗೆ ಸರಿಯಾದ ಕೆಲಸ ಅನ್ನಿಸುತ್ತದೆ. ಪ್ರತಿ ತಲೆಮಾರೂ ತಾನು ಯಾರನ್ನು ಗೌರವಿಸುತ್ತೇನೆಂದು ಈ ಕಿಟಕಿಗಳಲ್ಲೇ ಬರೆದಿದೆ. ಈ ತಲೆಮಾರು ಬರೆಯಬಾರದೇಕೆ?

ಹೊರಗೆ ಬರುವ ಮುನ್ನ ಒಳಗಿರುವ ಲೋಲಕವೊಂದನ್ನು ನೋಡಬೇಕು. ಶಿಲುಬೆಯ ಆಕಾರ. ಅಡ್ಡತೋಳಿನ ನಟ್ಟನಡುವೆ ನೀರು ಸಣ್ಣಗೆ ಬೀಳುತ್ತದೆ. ಒಂದು ಸಲ ಎಡಕ್ಕೆ ಹರಿದು ಎಡತೋಳು ಬಾಗುತ್ತದೆ, ಎರಡು ಸಲ ಬಲಕ್ಕೆ, ಮತ್ತೆ ಬಲಕ್ಕೇ. ಈಗ ಎಡಕ್ಕೆ ಎಂದು ನಾನು ಐದಾರು ಸಲ ಊಹಿಸಿದೆ, ಹೆಚ್ಚಿನ ಸಲ ತಪ್ಪಿದೆ. ಯಂತ್ರ ತೀರಾ ಸರಳ, ನಿಯಮಗಳೆಲ್ಲ ಗೊತ್ತಿರುವವೇ. ಆದರೂ ಒಂದು ಹನಿಯ ವ್ಯತ್ಯಾಸ ಮುಂದಿನ ವಾಲುವಿಕೆಯನ್ನೇ ಬದಲಿಸುತ್ತದೆ. ಹವಾಮಾನವನ್ನು ತಿಂಗಳುಗಟ್ಟಲೆ ಮುಂಚೆ ಹೇಳಲಾಗದ್ದಕ್ಕೂ ಇದೇ ಬಗೆಯ ಕಾರಣ. ವಿಜ್ಞಾನ ತಿಳಿಸುವ ಆಟಿಕೆಯೊಂದನ್ನು ಚರ್ಚಿನೊಳಗೇ ಇಟ್ಟವರ ಮನಸ್ಸು ದೊಡ್ಡದು.

ಹೊರಗಿನ ಹುಲ್ಲಿನಲ್ಲಿ ಟ್ರಾಮಿನ ಕಬ್ಬಿಣದ ಕಂಬಿಯೊಂದು ನೆಲಕ್ಕೆ ಈಟಿಯಂತೆ ನಾಟಿಕೊಂಡಿದೆ. 1941ರ ಗುಡ್ ಫ್ರೈಡೇ ದಿನ ಜರ್ಮನ್ ಬಾಂಬಿನ ಏಟಿಗೆ ಪಕ್ಕದ ರಸ್ತೆಯಿಂದ ಹಾರಿ, ಮನೆಗಳನ್ನು ದಾಟಿ ಬಂದು ಬಿದ್ದದ್ದು. ಚರ್ಚು ಕೂದಲೆಳೆಯಲ್ಲಿ ಉಳಿಯಿತು. ಕಂಬಿಯನ್ನು ಬೇಕೆಂದೇ ಹಾಗೇ ಬಿಟ್ಟಿದ್ದಾರೆ. ಇನ್ನೊಂದು ಕಡೆ ಸಣ್ಣ ಕಲ್ಲು: ಚರ್ಚಿನ ಬೆಕ್ಕು, 1912ರಿಂದ 1927. ಅಷ್ಟೇ ಬರೆದಿದೆ.

ಹತ್ತಿರದಲ್ಲೇ ಇರುವ ಟೆಂಪಲ್ ಚರ್ಚಿಗೆ ಅಂಥ ಅದೃಷ್ಟ ಇರಲಿಲ್ಲ. 1940ರ ನವೆಂಬರಿನ ದಾಳಿಯಲ್ಲಿ ಸುಟ್ಟು, ಬರೀ ಗೋಡೆ ಉಳಿಯಿತು. ಅದರ ಗೋಪುರ ಒಂದೂವರೆ ಮೀಟರಿಗೂ ಹೆಚ್ಚು ವಾಲಿದೆ. ಅದು ಬಾಂಬಿನಿಂದಲ್ಲ, ಮಧ್ಯಕಾಲದಲ್ಲೇ ಮೆತ್ತಗಿನ ನೆಲ ಕುಸಿದು ವಾಲಿದ್ದು.

ಬಂದರಿನ ಕಡೆ ನಡೆದರೆ ನೀರು ಏರಿಳಿತವಿಲ್ಲದೆ ನಿಂತಿರುತ್ತದೆ. ಮೊದಲು ಹೀಗಿರಲಿಲ್ಲ. ಬ್ರಿಸ್ಟಲ್ ಕಾಲುವೆ ಎಂಬ ಸಮುದ್ರದ ತೋಳು ಆಲಿಕೆಯ ಆಕಾರದಲ್ಲಿ ಕಿರಿದಾಗುತ್ತಾ ಬರುವುದರಿಂದ ಸಮುದ್ರದ ಉಬ್ಬರ ಒತ್ತಿಕೊಂಡು ಹತ್ತು ಮೀಟರಿಗೂ ಮಿಕ್ಕಿ ಏರುತ್ತದೆ, ಹಾಗೇ ಇಳಿಯುತ್ತದೆ. ಇಳಿತದಲ್ಲಿ ಹಡಗುಗಳು ಕೆಸರಿನಲ್ಲಿ ಕೂತು ಸೊಂಟ ಮುರಿದುಕೊಳ್ಳುತ್ತಿದ್ದವು. ವಿಲಿಯಂ ಜೆಸಪ್ ಎಂಬ ಎಂಜಿನಿಯರ್ 1804ರಿಂದ 1809ರ ನಡುವೆ ನದಿಗೆ ಬೇರೆ ದಾರಿ ತೋಡಿ, ಹಳೆಯ ಪಾತ್ರವನ್ನು ಬಾಗಿಲು ಹಾಕಿ ಕೆರೆಯಂತೆ ಮಾಡಿದ. ಅದೇ ಫ್ಲೋಟಿಂಗ್ ಹಾರ್ಬರ್. ದಂಡೆಯ ಎಂ ಶೆಡ್ ಮ್ಯೂಸಿಯಮ್ಮಿನಲ್ಲಿ ಕೋಲ್ಸ್ಟನ್ನನ ಪ್ರತಿಮೆ, ಮೈಮೇಲೆ ಬಣ್ಣದ ಕಲೆಗಳ ಸಮೇತ, ಮಲಗಿದ ಭಂಗಿಯಲ್ಲಿದೆ. ಮುಂದೆ ಎಂಜಿನಿಯರ್ ಬ್ರುನೆಲ್ಲನ ಕಬ್ಬಿಣದ ಹಡಗು ಎಸ್‌ಎಸ್ ಗ್ರೇಟ್ ಬ್ರಿಟನ್, 1843ರದ್ದು.

ನಮ್ಮವರು ತಪ್ಪಿಸಬಾರದ ಜಾಗ ಇನ್ನೊಂದಿದೆ. ಚರ್ಚಿನಿಂದ ಆಗ್ನೇಯಕ್ಕೆ ಅರ್ಧ ಗಂಟೆ ನಡೆದರೆ ಆರ್ನೋಸ್ ವೇಲ್ ಸ್ಮಶಾನ. ಗೇಟಿನೊಳಗೆ ಹೋಗಿ ಸ್ವಲ್ಪ ಮುಂದೆ, ಇಂಗ್ಲಿಷರ ಶಿಲುಬೆಗಳ ನಡುವೆ, ಕಂಬಗಳ ಮೇಲೆ ಗುಮ್ಮಟ ಹೊತ್ತ ಅಪ್ಪಟ ಭಾರತೀಯ ಛತ್ರಿಮಂಟಪ. ರಾಜಾ ರಾಮಮೋಹನ ರಾಯರ ಸಮಾಧಿ. ಸತಿ ಪದ್ಧತಿಯ ನಿಷೇಧವನ್ನು ಇಂಗ್ಲೆಂಡಿನಲ್ಲಿ ರದ್ದುಪಡಿಸದಂತೆ ವಾದಿಸಲು ಬಂದಿದ್ದ ರಾಯರು ಸ್ನೇಹಿತರನ್ನು ನೋಡಲು ಬ್ರಿಸ್ಟಲಿಗೆ ಬಂದು, ಜ್ವರ ಹಿಡಿದು, 1833ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಮೊದಲು ಉಳಿದುಕೊಂಡಿದ್ದ ಮನೆಯ ತೋಟದಲ್ಲೇ ಮಣ್ಣು ಮಾಡಿದ್ದರು. ಹತ್ತು ವರ್ಷದ ನಂತರ ಅವರ ಗೆಳೆಯ ದ್ವಾರಕಾನಾಥ ಟಾಗೋರರು ಇಲ್ಲಿಗೆ ತರಿಸಿ ಈ ಮಂಟಪ ಕಟ್ಟಿಸಿದರು. ದೇವರು ಒಬ್ಬನೇ ಎಂಬ ನಂಬಿಕೆಯಲ್ಲಿ ಅವರು ಕದಲದೆ ನಿಂತವರೆಂದು ಕಲ್ಲಿನ ಮೇಲೆ ಬರೆದಿದೆ. ಪ್ರತಿವರ್ಷ ಸೆಪ್ಟೆಂಬರ್ ಕೊನೆಗೆ ಜನ ಹೂವು ಹಿಡಿದು ಬರುತ್ತಾರೆ. ನಾನು ಹೋದ ದಿನ ಯಾರೂ ಇರಲಿಲ್ಲ. ಕಂಬದ ಬುಡದಲ್ಲಿ ಯಾರೋ ಇಟ್ಟುಹೋಗಿದ್ದ ಚೆಂಡುಹೂವಿನ ಸಣ್ಣ ಮಾಲೆ ಮಳೆಗೆ ನೆನೆದು ಕಪ್ಪಾಗುತ್ತಿತ್ತು.